ಕೌಂಟರಿನ ಮೇಲಿನ ಕತ್ತರಿ

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ-ಬೆಟಗೇರಿಯ ಔಷಧ ಅಂಗಡಿಯವರಿಗೆ ಒಂದು ಬಹಿರಂಗ ಪತ್ರ

ಸಿಂಗಟಾಲೂರು

ಮೆಡಿಕಲ್ ಅಂಗಡಿಯ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ,



ನಿಮ್ಮಲ್ಲಿ ಮೂರ್ನಾಲ್ಕು ಮಂದಿಗಾದರೂ ನನ್ನ ಗುರುತಿದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಹೊಳೆಸಾಲಿನ ಶಾಲೆಗಳಲ್ಲಿ ವಿಜ್ಞಾನ, ಗಣಿತ ಕಲಿಸಿ ನಿವೃತ್ತಳಾದವಳು ನಾನು. ಈಗಲೂ ನಾನು ಅಂಗಡಿಯ ಮೆಟ್ಟಿಲು ಹತ್ತಿದರೆ ಕುರ್ಚಿ ಬಿಟ್ಟೆದ್ದು "ಬರ್ರಿ ಅಕ್ಕೋರ" ಅನ್ನುತ್ತೀರಿ. ಆ ಸಲಿಗೆಯಲ್ಲೇ ಬರೆಯುತ್ತಿದ್ದೇನೆ. ದೂರು ಕೊಡುವ ಮನಸ್ಸಿದ್ದಿದ್ದರೆ ಔಷಧ ನಿಯಂತ್ರಣ ಇಲಾಖೆಗೆ ಬರೆಯುತ್ತಿದ್ದೆ, ನಿಮಗಲ್ಲ.

ನಿಮ್ಮೆಲ್ಲರ ಕೌಂಟರಿನ ಮೇಲೂ ಒಂದು ಕತ್ತರಿ ಇರುತ್ತದೆ. ಕಳೆದುಹೋಗದಿರಲೆಂದು ಕೆಲವರು ಅದನ್ನು ದಾರ ಕಟ್ಟಿ ಇಳಿಬಿಟ್ಟಿರುತ್ತೀರಿ. "ಥಂಡಿ ಜ್ವರಾ ಬಂದಾವ್ರಿ, ಪವರಿನ್ವು ಒಂದ್ನಾಕ್ ಗುಳಗಿ ಕೊಡ್ರಿ" ಎಂದು ಯಾರೋ ಕೇಳುತ್ತಾರೆ. ನೀವು ಪಟ್ಟಿಯಿಂದ ನಾಲ್ಕು ಗುಳಿಗೆ ಕತ್ತರಿಸಿ, ಜೊತೆಗೊಂದು ಜ್ವರದ್ದು, ಒಂದು ಹೊಟ್ಟೆಯುರಿಯದ್ದು ಸೇರಿಸಿ ಕಾಗದದ ಪುಡಿಕೆ ಕಟ್ಟುತ್ತೀರಿ. ಒಂದು ನಿಮಿಷವೂ ಹಿಡಿಯುವುದಿಲ್ಲ. ಕತ್ತರಿಸಿದ ತುಂಡಿನಲ್ಲಿ ಔಷಧದ ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವಧಿ ಮುಗಿಯುವ ತಾರೀಖು ಉಳಿದರ್ಧದಲ್ಲಿ ನಿಮ್ಮ ಡಬ್ಬಿಯಲ್ಲೇ ಉಳಿಯುತ್ತದೆ. ಡಾಕ್ಟರ ಚೀಟಿಯಿಲ್ಲದೆ ಕೊಡಬಾರದೆಂದು ಸಾರುವ ಹಿಂಬದಿಯ ಆ ಉದ್ದನೆಯ ಕೆಂಪು ಗೆರೆಯೂ ತುಂಡಾಗುತ್ತದೆ.

ಆ ನಾಲ್ಕು ಗುಳಿಗೆ ಕೇಳಿದವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಅತ್ತೆಯವರಿಗೆ ಎಂಬತ್ತರ ಸಮೀಪ, ಸಕ್ಕರೆ ಕಾಯಿಲೆ. ಎರಡು ವರ್ಷದಲ್ಲಿ ನಾಲ್ಕೈದು ಸಲ ಉರಿಮೂತ್ರ ಕಾಡಿತು. ಪ್ರತಿ ಸಲವೂ ಗುಳಿಗೆ ತಂದವಳು ನಾನೇ, ಹೇಗೆ ನುಂಗಬೇಕೆಂದು ಹೇಳಿದವಳೂ ನಾನೇ. ಎರಡು ದಿನಕ್ಕೆ ಉರಿ ಇಳಿಯುತ್ತಿತ್ತು. ಉಳಿದ ಗುಳಿಗೆ ಕನ್ನಡಿ ಪಕ್ಕದ ಗೂಡಿಗೆ ಸೇರುತ್ತಿತ್ತು, ಮುಂದಿನ ಸಲಕ್ಕಿರಲಿ ಎಂದು. ನಡುವೆ ನೆಗಡಿ ಕೆಮ್ಮಿಗೂ ಅದರಲ್ಲೇ ಒಂದೆರಡು ಖರ್ಚಾಗುತ್ತಿದ್ದವು. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅವರಿಗೆ ಗಡಗಡ ನಡುಕ ಹತ್ತಿತು. ಬೆಳಗಾಗುವಷ್ಟರಲ್ಲಿ ನನ್ನನ್ನೇ "ಯಾರವಾ ನೀ?" ಎಂದರು. ಹುಬ್ಬಳ್ಳಿಗೆ ಒಯ್ದೆವು. ಅಲ್ಲಿಯ ಎಳೆ ವಯಸ್ಸಿನ ಡಾಕ್ಟರು ಇಲ್ಲಿಯವರೆಗೆ ಏನೇನು ಕೊಟ್ಟಿದ್ದೀರಿ ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು, "ಒಂದು ಕೆಂಪು-ಕಪ್ಪು ಕ್ಯಾಪ್ಸೂಲು, ಒಂದು ಬಿಳೇದು, ಉದ್ದಂದು." ಅವರು ನಗಲಿಲ್ಲ. ಬರೆದುಕೊಳ್ಳಲೂ ಇಲ್ಲ. ಬರೆದುಕೊಳ್ಳುವಂಥದ್ದು ಅದರಲ್ಲಿ ಏನಿತ್ತು?

ಮೂರನೇ ದಿನ ಮೂತ್ರದ ಕಲ್ಚರ್ ವರದಿ ಬಂತು. ಎಡಗಡೆ ಔಷಧಗಳ ಪಟ್ಟಿ, ಬಲಗಡೆ ಒಂದೊಂದು ಅಕ್ಷರ. ಔಷಧ ನಾಟಿದರೆ 'ಎಸ್', ನಾಟದಿದ್ದರೆ 'ಆರ್'. ಆಂಪಿಸಿಲಿನ್: ಆರ್. ಸಿಪ್ರೊಫ್ಲಾಕ್ಸಾಸಿನ್: ಆರ್. ಸೆಫಿಕ್ಸಿಮ್: ಆರ್. ಸೆಫ್ಟ್ರಿಯಾಕ್ಸೋನ್: ಆರ್. ಜೀವನವಿಡೀ ಮಕ್ಕಳ ಅಂಕಪಟ್ಟಿ ತಿದ್ದಿದವಳ ಕೈಗೆ ತನ್ನದೇ ಅಂಕಪಟ್ಟಿ ಬಂದ ಹಾಗಿತ್ತು. ಕೊನೆಗೆ ಉಳಿದದ್ದು ಮೆರೊಪೆನೆಮ್ ಎಂಬ ಸೂಜಿ, ಎಂಟು ತಾಸಿಗೊಮ್ಮೆ, ಹತ್ತು ದಿನ. ಆ ವರ್ಷದ ಹೆಸರಿನ ಪೀಕು ಹೊಲದಲ್ಲಿರುವಾಗಲೇ ಆ ಸೂಜಿಗೆ ಅಡವಾಯಿತು. ಅತ್ತೆ ಬದುಕಿ ಬಂದರು. ಬಂದ ನಾಲ್ಕೇ ದಿನಕ್ಕೆ ಮೂಗು ಸೋರಿದ್ದಕ್ಕೆ, "ಆ ಕೆಂಪಂದು ಗುಳಗಿ ಅದಾವೇನು ನೋಡ" ಎಂದು ಗೂಡಿನ ಕಡೆ ಬೆರಳು ತೋರಿಸಿದರು!

ನಮ್ಮ ಕಡೆ ಇದಕ್ಕೊಂದು ಮಾತಿದೆ: "ಗುಳಗಿ ಮೈಗೆ ರೂಢಿ ಆಗಿಬಿಟ್ಟಾವು." ನೀವೂ ಅನ್ನುತ್ತೀರಿ, ನಾನೂ ಅಂದಿದ್ದೇನೆ. ಆ ಮಾತು ತಪ್ಪು, ಮತ್ತು ಅದರಿಂದ ಆಗುವ ಹಾನಿ ದೊಡ್ಡದು. ರೂಢಿಯಾಗುವುದು ಮೈಗಲ್ಲ, ರೋಗಾಣುವಿಗೆ. ಮೈಗೆ ರೂಢಿಯಾಗುವುದಾದರೆ ಅದು ನನ್ನ ಮನೆಯ ಕಷ್ಟ, ನನ್ನ ಮನೆಯಲ್ಲೇ ಮುಗಿಯುತ್ತದೆ. ರೋಗಾಣುವಿಗೆ ರೂಢಿಯಾದರೆ ಅದು ಕೈಯಿಂದ ಕೈಗೆ, ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಕೊಡಕ್ಕೆ ದಾಟುತ್ತದೆ. ಜನ್ಮದಲ್ಲಿ ಒಂದು ಕ್ಯಾಪ್ಸೂಲು ನುಂಗದ ಹಸುಗೂಸಿಗೂ ಔಷಧಕ್ಕೆ ಬಗ್ಗದ ರೋಗಾಣು ತಗಲಬಹುದು.

ಹೊಲ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹತ್ತಿಯನ್ನು ನೆನೆದರೆ ಸಾಕು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು, 2006ರಲ್ಲಿ ಎರಡು ಜೀನಿನ ಬೀಜ ಬಂತು. ಇನ್ನು ಕಾಯಿಕೊರಕಕ್ಕೆ ಎಣ್ಣೆ ಹೊಡೆಯುವುದೇ ಬೇಡ ಎಂದು ಕುಣಿದೆವು. 450 ಗ್ರಾಂ ಬೀಜದ ಪೊಟ್ಟಣದ ಜೊತೆ 120 ಗ್ರಾಂ ಸಾದಾ ಬೀಜದ ಚಿಕ್ಕ ಪೊಟ್ಟಣವೊಂದು ಇರುತ್ತಿತ್ತು, ಹೊಲದ ಸುತ್ತ ಹಾಕಲಿಕ್ಕೆ. ಬಿಟಿಯ ವಿಷ ಕಾಣದ ಹುಳುಗಳೂ ಒಂದಿಷ್ಟು ಉಳಿದು, ವಿಷ ತಡೆದುಕೊಂಡ ಹುಳುಗಳೊಡನೆ ಕೂಡಿದರೆ ಆ ತಾಕತ್ತು ಸಂತತಿಯಲ್ಲಿ ಗಟ್ಟಿಯಾಗುವುದಿಲ್ಲ ಎಂಬುದು ಅದರ ಲೆಕ್ಕ. ಎಷ್ಟು ಮಂದಿ ಹಾಕಿದೆವು? ನಮ್ಮ ಮನೆಯವರು ಅದನ್ನು ಬದುವಿಗೆ ಚೆಲ್ಲಿ ಬಂದರು. ಹತ್ತು-ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಗುಲಾಬಿ ಕಾಯಿಕೊರಕ ಎರಡು ಜೀನಿನ ಹತ್ತಿಯನ್ನೂ ಕೊರೆಯತೊಡಗಿತು. ಹತ್ತಿ ಗಿಡಕ್ಕೆ ಏನೂ 'ರೂಢಿ' ಆಗಿರಲಿಲ್ಲ, ಬದಲಾದದ್ದು ಹುಳು. ಆ ಹುಳು ಸಾದಾ ಬೀಜ ಹಾಕಿದವನ ಹೊಲ ಯಾವುದು, ಚೆಲ್ಲಿದವನದು ಯಾವುದು ಎಂದು ಕೇಳಿ ಬರಲಿಲ್ಲ.

ನಮ್ಮ ಅತ್ತೆಯವರ ಹೊಟ್ಟೆಯಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. ನೆಗಡಿ ವೈರಸ್ಸಿನದು. ಆಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ನುಂಗಿದ ಕ್ಯಾಪ್ಸೂಲು ಸುಮ್ಮನಂತೂ ಇರುವುದಿಲ್ಲವಲ್ಲ, ಕರುಳಿನಲ್ಲಿ ನೆಲೆಸಿರುವ ಪಾಪದ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಸಾಯದೆ ಉಳಿದ ಬಂಟ ಬ್ಯಾಕ್ಟೀರಿಯಾಗಳು ಖಾಲಿಯಾದ ಜಾಗದಲ್ಲಿ ಹೆಚ್ಚುತ್ತವೆ. ಆ ತಾಕತ್ತನ್ನು ಮಕ್ಕಳು ಮರಿಗಳಿಗೆ ಕೊಡುವುದಷ್ಟೇ ಅಲ್ಲ, ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿ ಇಟ್ಟು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ಜಾತಿ ನೋಡದೆ ಕೊಡು-ಕೊಳ್ಳುವುದರಲ್ಲಿ ಅವು ನಮಗಿಂತ ಮುಂದು. ಕರುಳಿನ ಇ. ಕೋಲಿಯೇ ಒಂದು ದಿನ ಮೂತ್ರನಾಳಕ್ಕೆ ಏರುತ್ತದೆ. ಅಷ್ಟು ಹೊತ್ತಿಗೆ ಅದು ನೆಗಡಿಯ ಹೆಸರಿನಲ್ಲಿ ನಾನು ತಂದುಕೊಟ್ಟ ಗುಳಿಗೆಗಳನ್ನೆಲ್ಲ ನೋಡಿ ಮುಗಿಸಿರುತ್ತದೆ. 2019ರಲ್ಲಿ ಹೀಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬುದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು.

ನಿಮ್ಮ ಕಪಾಟಿನಲ್ಲಿ ಏನಿದೆ ಎಂಬುದು ನಿಮಗೇ ಮರೆತುಹೋಗಿದೆಯೇನೋ ಎಂಬ ಅನುಮಾನ ನನಗೆ. ದಿನಾ ಮುಟ್ಟುವ ವಸ್ತುವಿನ ಬೆಲೆ ಕೈಗೆ ಮರೆಯುತ್ತದೆ.

1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಡಿದಾಗ ಧಾರವಾಡ ಜಿಲ್ಲೆಗೆ ಜಿಲ್ಲೆಯೇ ತತ್ತರಿಸಿತು. ಆಗ ಗದಗವೂ ಆ ಜಿಲ್ಲೆಯದೇ. ನಮ್ಮ ಅಜ್ಜಿ ತಮ್ಮ ಅಜ್ಜಿಯಿಂದ ಕೇಳಿದ್ದನ್ನು ಹೇಳುತ್ತಿದ್ದರು: ಇಲಿ ಬಿದ್ದರೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕುವುದು, ಸತ್ತವರನ್ನು ಹೊರಲು ನಾಲ್ಕು ಹೆಗಲು ಸಿಗದಿರುವುದು. ಹಾಫ್‌ಕಿನ್ ಎಂಬ ವಿಜ್ಞಾನಿಯ ಲಸಿಕೆ ಬಂದಿತ್ತು, ಆದರೆ ಗಡ್ಡೆ ಎದ್ದವನಿಗೆ ಕೊಡಲು ಮದ್ದು ಇರಲಿಲ್ಲ. 1994ರಲ್ಲಿ ಸೂರತ್‌ನಲ್ಲಿ ಅದೇ ಪ್ಲೇಗು, ಅದೂ ಪುಪ್ಪುಸಕ್ಕೆ ಹತ್ತುವ ಘೋರ ಬಗೆಯದು, ಕಾಣಿಸಿಕೊಂಡಿತು. ಲಕ್ಷಾಂತರ ಜನ ಊರು ಬಿಟ್ಟು ಓಡಿದರು, ಔಷಧ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್‌ಗೆ ಮುಗಿಬಿದ್ದರು. ಸತ್ತವರು ಐವತ್ತರ ಆಸುಪಾಸು. ಒಂದೊಂದು ಸಾವೂ ದೊಡ್ಡದೇ, ಆದರೂ ಎರಡು ಪ್ಲೇಗುಗಳ ನಡುವಿನ ಅಂತರದಲ್ಲಿ ನಿಮ್ಮ ಕಪಾಟಿನ ಪಾಲು ದೊಡ್ಡದಿದೆ.

ಪ್ಲೇಗಿಗೂ ಕ್ಷಯಕ್ಕೂ ಬಂದ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಆಲ್ಬರ್ಟ್ ಶಾಟ್ಜ್ ಎಂಬ ತರುಣ, ವಾಕ್ಸ್‌ಮನ್ ಎಂಬ ಗುರುವಿನ ಪ್ರಯೋಗಾಲಯದಲ್ಲಿ, ಗೊಬ್ಬರ ಹಾಕಿದ ಹೊಲದ ಮಣ್ಣಿನ ಜೀವಿಯೊಂದರಿಂದ ಅದನ್ನು ತೆಗೆದ. ಮುಂಗಾರಿನ ಮೊದಲ ಹನಿಗೆ ಎರೆಹೊಲದಿಂದ ಏಳುವ ವಾಸನೆ ಇದೆಯಲ್ಲ, ಅದನ್ನು ಮಾಡುವುದೂ ಆ ಜೀವಿಯದೇ ಸ್ಟ್ರೆಪ್ಟೊಮೈಸಿಸ್ ಬಳಗ. ಇದನ್ನು ಹೇಳಿದ ದಿನ ನನ್ನ ಏಳನೇ ತರಗತಿಯ ಮಕ್ಕಳು ಗಂಟೆ ಹೊಡೆದರೂ ಏಳಲಿಲ್ಲ. ಪತ್ರದ ವಿಷಯಕ್ಕೆ ಇದು ಬೇಕಾಗಿರಲಿಲ್ಲ, ಹೇಳದಿರಲಾಗಲಿಲ್ಲ.

ಹಿಂದಿನ ರೋಗಗಳ ಮಾತು ಒತ್ತಟ್ಟಿಗಿರಲಿ. ಮಲ್ಲಸಮುದ್ರದ ಜಿಮ್ಸ್ ಆಸ್ಪತ್ರೆಯಲ್ಲೋ ಹುಬ್ಬಳ್ಳಿಯ ದೊಡ್ಡ ಸರಕಾರಿ ಆಸ್ಪತ್ರೆಯಲ್ಲೋ ಇಂದು ನಡೆಯುವ ಒಂದು ಸಿಸೇರಿಯನ್ ಹೆರಿಗೆ ನೋಡಿ. ಹೊಟ್ಟೆ ಕೊಯ್ಯುವ ಮುಂಚೆ ಒಂದು ಡೋಸು ಆಂಟಿಬಯಾಟಿಕ್ ರಕ್ತಕ್ಕೆ ಹೋಗಿರುತ್ತದೆ. ಅದು ಕೈಕೊಟ್ಟರೆ ಬಾಣಂತಿ ನಂಜಿನ ಕಾಲ ಮತ್ತೆ ಬಾಗಿಲಿಗೆ. ತಿಂಗಳು ತುಂಬದೆ ಹುಟ್ಟಿ ಪೆಟ್ಟಿಗೆಯಲ್ಲಿಟ್ಟ ಕೂಸು, ಕ್ಯಾನ್ಸರ್ ಔಷಧದಿಂದ ರಕ್ತದ ಬಿಳಿಕಣ ಕುಸಿದವರು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರು, ಸಕ್ಕರೆ ಕಾಯಿಲೆಯ ಹುಣ್ಣಿನ ಕಾಲು, ಬದಲಿಸಿದ ಮಂಡಿ ಕೀಲು, ಇವರೆಲ್ಲರ ಬೆನ್ನಿಗೆ ನಿಂತಿರುವುದು ಇದೇ ಔಷಧಗಳು. ಸರ್ಜನರ ಚಾಕು ಎಷ್ಟೇ ಚುರುಕಿರಲಿ, ಗಾಯ ಮಾಯುವತನಕ ನಂಜನ್ನು ತಡೆಯುವವರು ಬೇಕು. ಮುಂಡರಗಿಯಲ್ಲಿ ನೆಗಡಿಗೆಂದು ನೀವು ಕತ್ತರಿಸಿದ ಆ ನಾಲ್ಕು ಗುಳಿಗೆಗೂ ಹುಬ್ಬಳ್ಳಿಯ ಆ ಚಾಕುವಿಗೂ ನಂಟಿದೆ.

ಈ ಔಷಧಗಳು ಒಂದೊಂದಾಗಿ ಹೇಗೆ ಸೋಲುತ್ತವೆ ಎಂಬುದಕ್ಕೆ ಟೈಫಾಯ್ಡಿನ ಕತೆ ಕೇಳಿ. 1948ರಿಂದ ಕ್ಲೋರಾಂಫೆನಿಕಾಲ್ ಅದಕ್ಕೆ ರಾಮಬಾಣವಾಗಿತ್ತು. 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಎದ್ದ ಟೈಫಾಯ್ಡು ಅದಕ್ಕೆ ಬಗ್ಗಲಿಲ್ಲ. ತೊಂಬತ್ತರ ದಶಕ ಬರುವಷ್ಟರಲ್ಲಿ ಆಂಪಿಸಿಲಿನ್, ಕೋಟ್ರೈಮಾಕ್ಸಝೋಲ್ ಕೂಡ ಸೋತವು. ಸಿಪ್ರೊಫ್ಲಾಕ್ಸಾಸಿನ್ ಬಂತು. ನಿಮ್ಮಲ್ಲಿ ಹಿರಿಯರಿಗೆ ಆ ಕಾಲ ನೆನಪಿರಬೇಕು, ಭೇದಿಗೂ ಸಿಪ್ರೊ, ಹಲ್ಲುನೋವಿಗೂ ಸಿಪ್ರೊ. ಅದೂ ಮೊಂಡಾಯಿತು. ಈಗ ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್, ಅಜಿತ್ರೊಮೈಸಿನ್‌ಗಳ ಮೇಲೆ ನಿಂತಿದ್ದೇವೆ. 2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿ ಹಬ್ಬಿದ ಟೈಫಾಯ್ಡಿಗೆ ಸೆಫ್ಟ್ರಿಯಾಕ್ಸೋನೂ ನಾಟುತ್ತಿಲ್ಲ. ಈ ಏಣಿಗೆ ಮೇಲೆ ಎಷ್ಟು ಮೆಟ್ಟಿಲು ಉಳಿದಿವೆ ಎಂದು ಎಣಿಸಿದರೆ ಬೆರಳುಗಳೇ ಜಾಸ್ತಿಯಾಗುತ್ತವೆ. ಇದರಲ್ಲೇ ಒಂದು ಸಮಾಧಾನವೂ ಇದೆ. ಬಹಳ ವರ್ಷ ಬಳಸದೆ ಬಿಟ್ಟದ್ದರಿಂದ ಆ ಹಳೆಯ ಕ್ಲೋರಾಂಫೆನಿಕಾಲ್ ನಮ್ಮ ದೇಶದ ಎಷ್ಟೋ ಟೈಫಾಯ್ಡ್ ರೋಗಾಣುಗಳಿಗೆ ಪ್ರಯೋಗಾಲಯದಲ್ಲಿ ಮತ್ತೆ ನಾಟತೊಡಗಿದೆ. ಬಿಟ್ಟ ಹೊಲ ಕಸುವು ತುಂಬಿಕೊಂಡಂತೆ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನೀವು ಏನೆನ್ನುತ್ತೀರಿ ಎಂಬುದು ಗೊತ್ತು, ಎಷ್ಟೋ ಸಲ ಎದುರಿಗೇ ಅಂದಿದ್ದೀರಿ: "ಅಕ್ಕೋರ, ನಾವು ಕೊಡ್ಲಿಲ್ಲಂದ್ರ ಎದುರಿಗಿನವ್ರು ಕೊಡ್ತಾರ. ಗಿರಾಕಿ ಹೋತು, ಗುಳಗಿ ಅಂತೂ ಹೊಟ್ಯಾಗ ಹೋತು." ಈ ಮಾತಿಗೆ ಉತ್ತರವಿಲ್ಲ. ಅದಕ್ಕೇ ಒಬ್ಬರಿಗೆ ಬರೆಯದೆ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ನಾಲ್ಕು ಗುಳಿಗೆ ಕೇಳುವವರೂ ಮೂರ್ಖರಲ್ಲ. ಕೂಲಿ ಬಿಟ್ಟು ಮುಂಡರಗಿಗೆ ಬಸ್ಸು ಹಿಡಿದು, ದವಾಖಾನೆಯಲ್ಲಿ ಸರದಿ ನಿಂತು, ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಮತ್ತೆ ನಿಮ್ಮಲ್ಲಿಗೇ ಬರಬೇಕು. ಒಂದು ದಿನದ ದುಡಿಮೆ ಹೋಯಿತು, ಮೇಲೆ ಬಸ್ಸಿನ ಖರ್ಚು. ನಾಲ್ಕು ಗುಳಿಗೆಗೆ ಅದರ ಕಾಲುಭಾಗವೂ ಆಗುವುದಿಲ್ಲ. ಬಡವರ ಲೆಕ್ಕ ತಪ್ಪಿಲ್ಲ. ಆ ಲೆಕ್ಕದಲ್ಲಿ ಹುಬ್ಬಳ್ಳಿಯ ಹತ್ತು ದಿನ ಸೇರಿಲ್ಲ, ಅಷ್ಟೇ. ಚೀಟಿ ಬರೆಯುವವರಲ್ಲೂ ಎಲ್ಲರೂ ಕೈ ಬಿಗಿಹಿಡಿದವರಲ್ಲ ಎಂಬುದು ನನಗೆ ಗೊತ್ತು, ಮೂರು ದಿನದ ಜ್ವರಕ್ಕೆ ವೈಡಾಲ್ ಪರೀಕ್ಷೆಯೊಂದನ್ನೇ ನಂಬಿ "ಟೈಫಾಯ್ಡ್ ಪಾಸಿಟಿವ್" ಎಂದು ಸೂಜಿ ಚುಚ್ಚುವವರಿದ್ದಾರೆ. ಅವರಿಗೆ ಬೇರೆಯೇ ಪತ್ರ ಬೇಕು.

ಕಾನೂನು ನಿಮಗೆ ನಾನು ಹೇಳಬೇಕಾದ್ದಿಲ್ಲ. ಚೀಟಿಯಿಲ್ಲದೆ ಶೆಡ್ಯೂಲ್ ಎಚ್ ಔಷಧ ಕೊಡುವಂತಿಲ್ಲ. 2014ರ ಮಾರ್ಚಿನಿಂದ ಎಚ್-1 ಎಂಬ ಬಿಗಿಯಾದ ಪಟ್ಟಿಯೂ ಇದೆ. ಸೆಫಿಕ್ಸಿಮ್, ಸೆಫ್ಪೊಡಾಕ್ಸಿಮ್, ಲಿವೊಫ್ಲಾಕ್ಸಾಸಿನ್ ಎಲ್ಲ ಅದರಲ್ಲಿವೆ, ಅತ್ತೆಯವರಿಗೆ ಕೊಟ್ಟ ಮೆರೊಪೆನೆಮ್ಮೂ ಇದೆ. ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟಿರಿ, ಎಲ್ಲವನ್ನೂ ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಆ ಪುಸ್ತಕ ಎಷ್ಟು ಅಂಗಡಿಯಲ್ಲಿ ನಿಜವಾಗಿ ತುಂಬುತ್ತಿದೆ, ಎಷ್ಟರಲ್ಲಿ ತಪಾಸಣೆಯ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬುತ್ತದೆ ಎಂಬುದನ್ನು ನಾನು ಕೇಳುವುದಿಲ್ಲ. ಹೋಂವರ್ಕ್ ಪುಸ್ತಕ ತಿದ್ದಿದವಳಿಗೆ ಒಂದೇ ಪೆನ್ನಿನ ಬರಹ ದೂರದಿಂದಲೇ ತಿಳಿಯುತ್ತದೆ.

ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಲಂಡನ್ನಿನಲ್ಲಿ ಬೂಷ್ಟು ಹಿಡಿದ ತಟ್ಟೆಯೊಂದರಲ್ಲಿ ಪೆನಿಸಿಲಿನ್ನಿನ ಸುಳಿವು ಕಂಡ ಕತೆ ನೀವು ಫಾರ್ಮಸಿ ಓದುವಾಗ ಓದಿದ್ದೀರಿ. 1945ರ ಡಿಸೆಂಬರಿನಲ್ಲಿ ನೊಬೆಲ್ ಪಡೆಯುವಾಗ ಆತ ಮಾಡಿದ ಭಾಷಣ ಓದಿದ್ದೀರೋ ಇಲ್ಲವೋ. ಅದರಲ್ಲಿ ಅಂಗಡಿಯ ಮಾತಿದೆ. ಪೆನಿಸಿಲಿನ್ ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳುವ ಕಾಲ ಬರಬಹುದು ಎಂದ ಫ್ಲೆಮಿಂಗ್ ಒಂದು ಸಂಸಾರವನ್ನು ಕಲ್ಪಿಸುತ್ತಾನೆ. ಗಂಡನಿಗೆ ಗಂಟಲುನೋವು. ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯದೆ ಕಲಿತುಕೊಳ್ಳುತ್ತದೆ. ಅದು ಹೆಂಡತಿಗೆ ತಗಲಿ ನ್ಯುಮೋನಿಯಾ ಆಗುತ್ತದೆ, ಔಷಧ ನಾಟುವುದಿಲ್ಲ, ಅವಳು ಸಾಯುತ್ತಾಳೆ. ಗುಳಿಗೆ ನುಂಗಿದವನು ಒಬ್ಬ, ಸತ್ತವಳು ಇನ್ನೊಬ್ಬಳು. ಎಂಬತ್ತು ವರ್ಷದ ಹಿಂದೆ ಸ್ಟಾಕ್‌ಹೋಮಿನಲ್ಲಿ ನಿಂತು ಆತ ಕಲ್ಪಿಸಿದ ಅಂಗಡಿ ನಮ್ಮ ಬಸ್‌ಸ್ಟ್ಯಾಂಡಿನ ಎದುರೇ ಇದೆ.

ನಿಮ್ಮಲ್ಲಿ ನಾನು ಮುಖ್ಯವಾಗಿ ಕೇಳುವುದು ಒಂದು. ನಿಮಗೊಂದು ಔಷಧ ವ್ಯಾಪಾರಿಗಳ ಸಂಘವಿದೆ. ಅದರ ಮುಂದಿನ ಸಭೆಯಲ್ಲಿ ಒಂದು ತಾರೀಖು ಗೊತ್ತುಮಾಡಿ. ಆ ದಿನದಿಂದ ನಾಲ್ಕೂ ಊರುಗಳ ಯಾವ ಅಂಗಡಿಯಲ್ಲೂ ಚೀಟಿಯಿಲ್ಲದೆ ಕೆಂಪು ಗೆರೆಯ ಆಂಟಿಬಯಾಟಿಕ್ ಪಟ್ಟಿಗೆ ಕತ್ತರಿ ಹಾಕುವುದಿಲ್ಲ ಎಂದು ಗೊತ್ತುವಳಿ ಮಾಡಿ, ಬಾಗಿಲಲ್ಲಿ ಕನ್ನಡದಲ್ಲಿ ಬರೆದು ತೂಗುಹಾಕಿ. ಎದುರಿನ ಅಂಗಡಿಯಲ್ಲೂ ಅದೇ ಬೋರ್ಡು ಕಂಡರೆ ಗಿರಾಕಿ ರಸ್ತೆ ದಾಟುವುದಿಲ್ಲ. ಕೇರಳದಲ್ಲಿ 2024ರಲ್ಲಿ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಅಮೃತ್' ಎಂದು ದಾಳಿ ಶುರುಮಾಡಿ ಇಂಥ ಬೋರ್ಡು ಹಾಕಿಸಿತು, ಮಾರಾಟ ಇಳಿಯಿತೆಂದು ಅಲ್ಲಿನ ಸರಕಾರ ಹೇಳಿದೆ. ದಾಳಿಯಾಗುವ ಮುಂಚೆ ನಾವಾಗಿಯೇ ಮಾಡಿದರೆ ಮರ್ಯಾದೆಯಾದರೂ ಉಳಿಯುತ್ತದೆ.

ಚೀಟಿಯಿಲ್ಲದೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ಎನ್ನುತ್ತಿಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಇದೆ, ವಾಂತಿ-ಭೇದಿಗೆ ಓಆರ್‌ಎಸ್ ಇದೆ, ನೆಗಡಿ ಕೆಮ್ಮಿಗೆ ಮನೆಯ ಕಷಾಯವಿದೆ. ಮೂರು ದಿನಕ್ಕೂ ಜ್ವರ ಇಳಿಯದಿದ್ದರೆ, ಉಸಿರು ಕಟ್ಟಿದರೆ, ಕೂಸು ಮೊಲೆ ಹಿಡಿಯದಿದ್ದರೆ ತಡಮಾಡದೆ ದವಾಖಾನೆಗೆ ಹೋಗಿ ಎನ್ನುವುದು ನಿಮ್ಮ ಬಾಯಿಂದ ಬಂದರೆ ಅವರು ಕೇಳುತ್ತಾರೆ. ನನ್ನ ಬಾಯಿಂದ ಬಂದರೆ ಅಕ್ಕೋರ ಪಾಠ. 2006ರ ಚಿಕೂನ್‌ಗುನ್ಯಾ ನೆನಪಿದೆಯೇ? ಊರಿಗೆ ಊರೇ ಕೀಲು ಹಿಡಿದು ಮಲಗಿದಾಗ ಎಷ್ಟು ಆಂಟಿಬಯಾಟಿಕ್ ನುಂಗಿದೆವು! ಅದೂ ವೈರಸ್ಸೇ.

ಕುರಿಯವರ ಮಾತೂ ಇದೆ. ಟೆರ್ರಾಮೈಸಿನ್ ಎಂಬ ಆಂಟಿಬಯಾಟಿಕ್‌ನ ಬಾಟಲಿ, ಸಿರಿಂಜು ಕುರುಬಣ್ಣಂದಿರ ಹೆಗಲಚೀಲದ ಸಾಮಾನೇ ಆಗಿದೆ. ಕುರಿಗೆ ಬರುವ ಪಿಪಿಆರ್, ನೀಲಿ ನಾಲಗೆ ರೋಗ, ಎರಡೂ ವೈರಸ್ಸಿನವು, ಎರಡಕ್ಕೂ ಲಸಿಕೆಯಿದೆ. ಬಾಟಲಿ ಕೊಡುವ ಮೊದಲು ಪಶು ಆಸ್ಪತ್ರೆಯ ದಾರಿ ತೋರಿಸಿ. ಔಷಧಕ್ಕೆ ಬಗ್ಗದ ರೋಗಾಣು ಹೊತ್ತ ಕುರಿಯ ಹಿಕ್ಕೆ ನಮ್ಮ ಹೊಲಕ್ಕೇ ಗೊಬ್ಬರವಾಗಿ ಬರುತ್ತದೆ.

ಇನ್ನೊಂದು ತಿದ್ದುಪಡಿ, ಇದು ನಾನೇ ತರಗತಿಯಲ್ಲಿ ಹೇಳಿಕೊಟ್ಟ ಪಾಠದ್ದು. "ಕೋರ್ಸು ಉದ್ದವಾದಷ್ಟೂ ಒಳ್ಳೆಯದು" ಎನ್ನುತ್ತಿದ್ದೆ. ಈಗ ಡಾಕ್ಟರುಗಳೇ ಎಷ್ಟೋ ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನ ಕೊಡುತ್ತಿದ್ದಾರೆ, ಅನಗತ್ಯ ದಿನಗಳೂ ರೋಗಾಣುವಿಗೆ ಕಲಿಯಲು ಕೊಟ್ಟ ಅವಕಾಶವೇ ಎಂದು. ಕ್ಷಯಕ್ಕೆ ಮಾತ್ರ ತಿಂಗಳುಗಟ್ಟಲೆ ಬೇಕೇ ಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದ್ದರಿಂದ ಪುಡಿಕೆ ಕಟ್ಟುವಾಗ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು ಎಣಿಸಿ. "ಅರ್ಧಾ ಸಾಕ್ರಿ, ರೊಕ್ಕಿಲ್ಲ" ಎಂದರೆ ಉದ್ರಿ ಬರೆದುಕೊಳ್ಳಿ. ಶೇಂಗಾ ಬಂದ ಮೇಲೆ ಕೊಡುತ್ತಾರೆ. ಬೀಜಕ್ಕೆ, ಗೊಬ್ಬರಕ್ಕೆ ಉದ್ರಿ ನಡೆಯುವ ಸೀಮೆ ಇದು.

ನಮ್ಮ ಕಡೆಯಿಂದ ಇಷ್ಟು: ಸಿಂಗಟಾಲೂರಿನ ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಈ ಮಾತನ್ನು ನಾನು ಆಡುತ್ತೇನೆ. ವೀರಭದ್ರೇಶ್ವರನ ಜಾತ್ರೆಗೆ ಹೊಳೆಯಾಚೆಯಿಂದಲೂ ಜನ ಬರುತ್ತಾರೆ. ಆಶಾ ಕಾರ್ಯಕರ್ತೆಯರು ಒಪ್ಪಿದರೆ ಅತ್ತೆಯ ವರದಿಯನ್ನು ದೊಡ್ಡದು ಮಾಡಿಸಿ, ಹೆಸರು ಮರೆಮಾಡಿ, ಅಲ್ಲೊಂದು ಕಡೆ ನಿಲ್ಲಿಸುವ ವಿಚಾರವಿದೆ. ಅತ್ತೆ ಒಪ್ಪಿದ್ದಾರೆ, ಹೆಸರು ಮರೆಮಾಡುವುದು ಮಾತ್ರ ಅವರಿಗೆ ಪಸಂದಿಲ್ಲ.

ಬರುವ ಸಂತೆಗೆ ಮುಂಡರಗಿಗೆ ಬರುತ್ತೇನೆ. ಗೂಡಿನಲ್ಲಿ ಉಳಿದ ಒಂಬತ್ತು ಗುಳಿಗೆ ತರುತ್ತಿದ್ದೇನೆ, ಎಲ್ಲವೂ ತುಂಡುಗಳು, ಎರಡರ ಮೇಲೆ ಹೆಸರೇ ಇಲ್ಲ. ಅವು ಏನೆಂದು ಗುರುತು ಹಿಡಿದವರು ಮುಂದೆ ಬನ್ನಿ. ಮಂಡಿನೋವಿನ ಮುಲಾಮು ಒಂದು ತೆಗೆದಿಡಿ, ಹೋದ ಸಲದ್ದು ತೀರಿತು.

ಇಂತಿ ನಿಮ್ಮ,
ಹೊಳೆಸಾಲಿನ ಅಕ್ಕೋರು